ಆಮೆ ಯಾರ ಮೇಜಿನ ಮೇಲೆ

ಮೂರನೇ ತಾರೀಖು, ಸೋಮವಾರ

ವಿಷಯ: ಯಂತ್ರಶಾಲೆಯ ಸದ್ಯದ ಸ್ಥಿತಿಯನ್ನು ನನ್ನದೇ ಅವಗಾಹನೆಗೆ ತಂದುಕೊಳ್ಳುವ ಬಗ್ಗೆ.

೧. ಬರೆಯುತ್ತಿರುವವನು: ಆಸ್ಪತ್ರೆಯ ರಕ್ತಪರೀಕ್ಷಾ ಕೇಂದ್ರದ ಯಂತ್ರಶಾಲೆಯ ಮುಖ್ಯಸ್ಥ. ನ್ಯಾಯಾಲಯದ ಮುಂದೆ ಕುಳಿತು ಅರ್ಜಿ ಬರೆಯುತ್ತಿದ್ದ ತಂದೆಯ ಮಗ. ಅವರ ಅರ್ಜಿಗಳನ್ನು ನಕಲು ತೆಗೆಯುತ್ತಲೇ ಅಕ್ಷರ ತಿದ್ದಿದವನು. ಆದಕಾರಣ ಆರಂಭಿಸಿದ ವಾಕ್ಯವನ್ನು ಯಾವ ಪರಿಸ್ಥಿತಿಯಲ್ಲೂ ಅರ್ಧಕ್ಕೆ ಬಿಡದವನು.

೨. ಓದುವವರು: ಯಾರೂ ಇಲ್ಲ. ಇದು ಸ್ವಂತಕ್ಕೆ.

೩. ಸಮಸ್ಯೆ: ಬೆಳಿಗ್ಗೆ ಹತ್ತಕ್ಕೆ ವೈದ್ಯರ ಕೈ ಸೇರಬೇಕಾದ ರಕ್ತದ ವರದಿಗಳು ಮಧ್ಯಾಹ್ನವಾದರೂ ಸೇರುತ್ತಿಲ್ಲ. ಶಸ್ತ್ರಚಿಕಿತ್ಸೆಗೆಂದು ಹಸಿದ ಹೊಟ್ಟೆಯಲ್ಲಿ ಮಲಗಿದವರು ಹಸಿದೇ ಇರುತ್ತಾರೆ.

೪. ಅಪಾಯ: ತಿಂಗಳ ಕೊನೆಯ ದಿನ ತಪಾಸಣಾ ಮಂಡಳಿ ಬರಲಿದೆ. ಅಂದು ಹತ್ತರೊಳಗೆ ವರದಿ ಹೊರಬೀಳದಿದ್ದಲ್ಲಿ ಯಂತ್ರಶಾಲೆಯನ್ನು ಹೊರಗಿನ ಗುತ್ತಿಗೆದಾರರಿಗೆ ಒಪ್ಪಿಸಿ, ಇಲ್ಲಿನ ಸಿಬ್ಬಂದಿಯನ್ನು ಮನೆಗೆ ಕಳುಹಿಸಲಾಗುವುದೆಂದು ನಿರ್ದೇಶಕರು ಇಂದು ತಿಳಿಸಿರುತ್ತಾರೆ. ಸಿಬ್ಬಂದಿಯೆಂದರೆ ನಾನು, ಉಪಮುಖ್ಯಸ್ಥೆ ಮತ್ತು ಎಲ್ಲರೂ ಮೀಸೆಯೆಂದೇ ಕರೆಯುವ ಸಹಾಯಕ. ನಾನು ಹೇಗೂ ವರ್ಷದೊಳಗೆ ನಿವೃತ್ತನಾಗುವವನು. ಉಪಮುಖ್ಯಸ್ಥೆಗೆ ಓದುವ ಮಕ್ಕಳಿದ್ದಾರೆ. ಮೀಸೆಗೆ ಮೀಸೆಯ ಹೊರತು ಬೇರೆ ಆಸ್ತಿಯಿಲ್ಲ.

೫. ತಪ್ಪು ಯಾರದು: ನನ್ನದಲ್ಲ.

ಐದನೆಯ ಅಂಶಕ್ಕೆ ವಿವರಣೆ: ನಮ್ಮಲ್ಲಿರುವುದು ಒಂದೇ ದೊಡ್ಡ ಗಣಕಯಂತ್ರ. ಅದರ ಹೊಟ್ಟೆಯಲ್ಲಿ ಹಲವು ವರ್ಚುವಲ್ ಯಂತ್ರಗಳಿವೆ. ಅಂದರೆ ತಾವು ಬಾಡಿಗೆದಾರರೆಂಬುದನ್ನೇ ಅರಿಯದೆ, ಇಡೀ ಬಂಗಲೆ ತಮ್ಮದೆಂದು ನಂಬಿ ಬದುಕುವ ಯಂತ್ರಗಳು. ನಿಜವಾದ ಪ್ರೊಸೆಸರುಗಳು ಹನ್ನೆರಡು. ಬಾಡಿಗೆದಾರರಿಗೆ ಹಂಚಿರುವುದು ತೊಂಬತ್ತು. ಹೊಸ ಯಂತ್ರ ಬೇಕೆಂದು ನಾನು ಸಲ್ಲಿಸಿದ ಮನವಿಗಳನ್ನೆಲ್ಲ ನಿರ್ದೇಶಕರು ತಿರಸ್ಕರಿಸಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಲೋಕರೂಢಿ. ನಮ್ಮ ನಿರ್ದೇಶಕರು ಕಾಲನ್ನು ಬಿಟ್ಟು ಹಾಸಿಗೆಗೇ ಚಾಚಿಕೊಳ್ಳಲು ಹೇಳಿದವರು.

ನಾಲ್ಕನೇ ತಾರೀಖು, ಮಂಗಳವಾರ

ಯಂತ್ರಶಾಲೆಯ ಶಿಸ್ತಿನ ಬಗ್ಗೆ ಒಂದು ಮಾತು. ಹಿಂದೊಮ್ಮೆ ಇಬ್ಬರು ಒಂದೇ ವೇಳೆಯಲ್ಲಿ ಒಂದೇ ಕೋಷ್ಟಕವನ್ನು ತಿದ್ದಿ, ಗಂಡಸರ ವಾರ್ಡಿನವರೆಲ್ಲ ಗರ್ಭಿಣಿಯರೆಂಬ ವರದಿ ಹೊರಟಿತ್ತು. ಅಂದಿನಿಂದ ನಾನು ಆಮೆಯ ಪದ್ಧತಿಯನ್ನು ಜಾರಿಗೆ ತಂದೆ. ಹಿತ್ತಾಳೆಯ ಆಮೆ, ಅಂಗೈಯಷ್ಟು, ತಂದೆಯವರು ಅರ್ಜಿಗಳು ಹಾರದಂತೆ ಇಡುತ್ತಿದ್ದದ್ದು. ಆಮೆ ಯಾರ ಮೇಜಿನ ಮೇಲಿದೆಯೋ ಅವರು ಮಾತ್ರ ಯಂತ್ರದಲ್ಲಿ ಬದಲಾವಣೆ ಮಾಡತಕ್ಕದ್ದು. ಉಳಿದವರು ಕಾಯತಕ್ಕದ್ದು. ಸರಳ, ನಿಷ್ಪಕ್ಷಪಾತ, ದೋಷರಹಿತ.

ಆಮೆಯು ಬಹುತೇಕ ನನ್ನ ಬಳಿಯೇ ಇರುತ್ತದೆ. ಕಳೆದುಹೋದೀತೆಂಬ ಮುಂಜಾಗ್ರತೆಯಿಂದ ಊಟಕ್ಕೆ ಹೋಗುವಾಗ ಕೋಟಿನ ಜೇಬಿನಲ್ಲಿಟ್ಟುಕೊಳ್ಳುತ್ತೇನೆ. ಊಟದ ನಂತರ ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಇಲಾಖೆಯ ಭವಿಷ್ಯದ ಬಗ್ಗೆ ಆಲೋಚಿಸುವ ರೂಢಿ ನನಗಿದೆ. ಇಂದು ಅಂತಹ ಆಲೋಚನೆಯ ನಡುವೆ ಮೀಸೆ ಬಾಗಿಲಲ್ಲಿ ಇಣುಕಿದ.

"ಸಾರ್, ಆಯ್ತಾ?"

"ಆಗ್ತಾ ಇದೆ."

ತುಸು ಹೊತ್ತಿಗೆ ಉಪಮುಖ್ಯಸ್ಥೆ. "ಸಾರ್, ಆಯ್ತಾ?" ಮತ್ತೆ ಮೀಸೆ. ಮತ್ತೆ ಆಕೆ. ತಮ್ಮ ಮೇಜಿನ ಕೆಲಸವನ್ನೆಲ್ಲ ಬದಿಗಿಟ್ಟು ಇಡೀ ಮಧ್ಯಾಹ್ನ ನನ್ನ ಬಾಗಿಲಿಗೂ ಅವರ ಕುರ್ಚಿಗೂ ನಡುವೆ ಓಡಾಡಿದರು. ಇಂತಹ ಕರ್ತವ್ಯನಿಷ್ಠೆ ಅಪರೂಪ. ಇಬ್ಬರ ಸೇವಾಪುಸ್ತಕದಲ್ಲೂ ಪ್ರಶಂಸೆ ನಮೂದಿಸಬೇಕೆಂದಿದ್ದೇನೆ.

ಮನೆಯಲ್ಲಿ ಸಣ್ಣ ಕಿರಿಕಿರಿ. ಪತ್ರಿಕೆಯನ್ನು ಎದೆಯ ಮೇಲೆ ಹರಡಿಕೊಂಡು ಸಂಪಾದಕೀಯವನ್ನು ಮನನ ಮಾಡುತ್ತಿದ್ದೆ. ಪತ್ನಿ ಮೆಲ್ಲನೆ ಒಂದು ಮೂಲೆ ಹಿಡಿದೆಳೆದಳು.

"ನಾನು ಓದ್ತಾ ಇದ್ದೀನಿ."

"ಗೊರಕೆ ಹೊಡ್ಕೊಂಡು ಓದೋರನ್ನ ನಾನು ನೋಡಿಲ್ಲಪ್ಪ. ಪದಬಂಧದ ಪುಟ ಆದ್ರೂ ಕೊಡಿ."

ಪದಬಂಧದ ಪುಟವನ್ನು ನಾನು ಪ್ರತಿದಿನ ಕತ್ತರಿಸಿ ಈ ದಿನಚರಿಗೆ ಲಗತ್ತಿಸುವವನು. ಪುಟವನ್ನು ಬಿಡಿಯಾಗಿ ಕೊಟ್ಟರೆ ಕಡತದ ಕ್ರಮ ಕೆಡುತ್ತದೆ. ಹಾಗೆಂದು ತಿಳಿಯಪಡಿಸಿದೆ.

"ಅದನ್ನ ಬಿಡಿಸೋದೂ ಇಲ್ಲ, ಬಿಡೋದೂ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ," ಎಂದು ಆಕೆ ಅಡುಗೆಮನೆಗೆ ಹೋದಳು. ಅಪ್ರಸ್ತುತ ಗಾದೆ.

ಆರನೇ ತಾರೀಖು, ಗುರುವಾರ

ಸಮಸ್ಯೆಗೆ ಪರಿಹಾರ ಕಂಡುಕೊಂಡಿದ್ದೇನೆ. ವರದಿ ಮುದ್ರಿಸುವ ವರ್ಚುವಲ್ ಯಂತ್ರಕ್ಕೆ ಈವರೆಗೆ ಎಂಟು ಪ್ರೊಸೆಸರು. ಪರದೆಯ ಮೇಲೆ ನೋಡಿದರೆ ಎಂಟೂ ನೂರಕ್ಕೆ ನೂರು ದುಡಿಯುತ್ತಿವೆ. ಬಡಪಾಯಿಗಳಿಗೆ ಉಸಿರಾಡಲು ಬಿಡುವಿಲ್ಲ. ಆಳು ಸಾಲದಿದ್ದರೆ ಆಳು ಹೆಚ್ಚಿಸಬೇಕೆಂಬುದು ಕಲ್ಲು ಹೊರುವವನಿಗೂ ಗೊತ್ತು. ಹದಿನಾರು ಮಾಡಿರಿ ಎಂದು ಆದೇಶಿಸಿದೆ.

ಉಪಮುಖ್ಯಸ್ಥೆ ಆಕ್ಷೇಪಿಸಿದಳು. "ಸಾರ್, ನಿಜವಾಗ್ಲೂ ಇರೋದೇ ಹನ್ನೆರಡು. ಅದರಲ್ಲಿ ಇಪ್ಪತ್ತೈದು ಮನೆಯವರು ಕೂತಿದ್ದಾರೆ. ಕುರ್ಚಿ ಇಲ್ದೇ ಜನ ಕರೆಸಿದ್ರೆ ಬಾಗಿಲಲ್ಲಿ ನೂಕುನುಗ್ಗಲು ಜಾಸ್ತಿ ಆಗುತ್ತೆ ಅಷ್ಟೇ."

ಮುಖ್ಯಸ್ಥನು ಯಾರು, ಉಪಮುಖ್ಯಸ್ಥೆಯು ಯಾರು ಎಂಬುದನ್ನು ಸೌಮ್ಯವಾಗಿ ಜ್ಞಾಪಿಸಿದೆ.

ಏಳನೇ ತಾರೀಖು, ಶುಕ್ರವಾರ

ನಿರೀಕ್ಷಿತ ಫಲ ಬಂದಿರುವುದಿಲ್ಲ. ವರದಿಗಳು ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದವು.

ಪರದೆಯ ಮೇಲೆ ಈಗ ಹದಿನಾರೂ ನೂರಕ್ಕೆ ನೂರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಮೀಸೆ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಆತನ ಮನೆಯಲ್ಲಿ ದನಕರುಗಳಿರುವುದು ನನಗೆ ತಿಳಿದಿರಲಿಲ್ಲ.

ಹತ್ತನೇ ತಾರೀಖು, ಸೋಮವಾರ

ಇಂದು ಉಪಮುಖ್ಯಸ್ಥೆ ಕಾಗದ, ಪೆನ್ನು ಹಿಡಿದು ನನ್ನೆದುರು ಕುಳಿತಳು. ಆಕೆಯ ಮಾತನ್ನು ಮುಂದಿನ ದಿನಗಳಲ್ಲಿ ಖಂಡಿಸಲು ಅನುಕೂಲವಾಗಲೆಂದು ಯಥಾವತ್ತಾಗಿ ದಾಖಲಿಸುತ್ತಿದ್ದೇನೆ.

"ವರದಿ ಸಂಖ್ಯೆಗಳ ಪಟ್ಟಿ ಇದೆಯಲ್ಲ ಸಾರ್, ಅದನ್ನ ಒಂದು ಸಲಕ್ಕೆ ಒಬ್ಬರೇ ಮುಟ್ಟಬೇಕು. ಮುಟ್ಟೋ ಪ್ರೊಸೆಸರ್ ಒಂದು ಲಾಕ್ ಹಿಡ್ಕೊಳ್ಳುತ್ತೆ. ಕಣ್ಣು ಮಿಟುಕಿಸೋದ್ರೊಳಗೆ ಕೆಲಸ ಮುಗಿಸಿ ಬಿಡುತ್ತೆ. ಅಲ್ಲೀ ತನಕ ಸರಿ."

"ಸರಿ."

"ಆದ್ರೆ ಇವು ವರ್ಚುವಲ್ ಪ್ರೊಸೆಸರ್‌ಗಳು. ನಿಜವಾದ ಪ್ರೊಸೆಸರ್ ಮೇಲೆ ಕೂರೋದು ಸರದಿ ಇರೋವರೆಗೂ ಮಾತ್ರ. ಸರದಿ ಮುಗೀತು ಅಂದ್ರೆ ಮೇಲಿರೋ ಉಸ್ತುವಾರಿ ಸಾಫ್ಟ್‌ವೇರ್ ಎಬ್ಬಿಸಿ ಕಳಿಸುತ್ತೆ. ಕೈಲಿ ಲಾಕ್ ಇದೆಯಾ ಇಲ್ವಾ ಅದಕ್ಕೆ ಗೊತ್ತಿಲ್ಲ. ಇವನು ಲಾಕ್ ಹಿಡ್ಕೊಂಡೇ ಹೋಗಿ ನಿದ್ದೆ ಮಾಡ್ತಾನೆ."

"ಬೇಜವಾಬ್ದಾರಿ. ಮಿಕ್ಕವರು?"

"ಬಿಟ್ಟನಾ, ಬಿಟ್ಟನಾ, ಬಿಟ್ಟನಾ ಅಂತ ಕೇಳ್ತಾ ಸುತ್ತುತಾರೆ. ಗಾಣದೆತ್ತಿನ ಥರ. ಅವರ ಸರದಿಯೆಲ್ಲ ಆ ಕೇಳೋದ್ರಲ್ಲೇ ಖರ್ಚು. ಪರದೆ ಮೇಲೆ ನೂರಕ್ಕೆ ನೂರು ಬಿಜಿ."

"ಹಾಗಾದರೆ ಅವರು ದುಡೀತಿದ್ದಾರೆ ಅಂತಲೇ ಅರ್ಥ."

"ಸಾರ್, ಎಣ್ಣೆ ಬರ್ತಿಲ್ವಲ್ಲ."

ಮೀಸೆ ಕೆಮ್ಮಿದ. ಆತನ ದೃಷ್ಟಿ ಯಾವ ಕಾರಣಕ್ಕೋ ನನ್ನ ಕೋಟಿನ ಜೇಬಿನ ಮೇಲಿತ್ತು.

ಆಕೆಯ ಪರಿಹಾರ ಹೀಗಿದೆ: ಕಾಯುವವರು ಸ್ವಲ್ಪ ಹೊತ್ತು ಕೇಳಲಿ, ಸಿಗದಿದ್ದಲ್ಲಿ ಸುಮ್ಮನೆ ಮಲಗಲಿ. ಲಾಕ್ ಬಿಡುವವನು ಮುಂದಿನವನನ್ನು ತಟ್ಟಿ ಎಬ್ಬಿಸಲಿ. ಮಲಗಿದವರಿಂದ ಉಳಿದ ಸರದಿಯನ್ನು ಉಸ್ತುವಾರಿಯು ಲಾಕ್ ಹಿಡಿದು ನಿದ್ದೆಹೋದವನಿಗೇ ಕೊಟ್ಟರೆ, ಅವನೂ ಬೇಗ ಎದ್ದು ಕೆಲಸ ಮುಗಿಸುತ್ತಾನೆ. ಹೊಸ ಯಂತ್ರ ಬೇಡ. ಇರುವ ಯಂತ್ರದ ಸೆಟ್ಟಿಂಗಿನಲ್ಲಿ ಎರಡು ಬದಲಾವಣೆ ಸಾಕು.

ಕರ್ತವ್ಯದ ವೇಳೆಯಲ್ಲಿ ನಿದ್ರೆಗೆ ಅಧಿಕೃತ ಅನುಮತಿ! ನನ್ನ ಜೀವಮಾನದಲ್ಲಿ ಇಂತಹ ಪ್ರಸ್ತಾವನೆಗೆ ರುಜು ಹಾಕಿದವನಲ್ಲ. ತಿರಸ್ಕರಿಸಿದೆ. ಊಟದ ವೇಳೆಯಾದ್ದರಿಂದ ಆಮೆಯನ್ನು ಜೇಬಿಗಿಳಿಸಿ ಎದ್ದೆ.

ಹದಿಮೂರನೇ ತಾರೀಖು, ಗುರುವಾರ

ಶಸ್ತ್ರಚಿಕಿತ್ಸೆಯ ವಿಭಾಗದಿಂದ ಹಿರಿಯ ದಾದಿ ಸ್ವತಃ ಇಳಿದು ಬಂದಳು. "ಏನ್ರಪ್ಪಾ, ನಮ್ಮಜ್ಜ ಒಬ್ಬರು ನಿನ್ನೆಯಿಂದ ನೀರೂ ಮುಟ್ಟಿಲ್ಲ. ವರದಿ ಬಂದ್ರೆ ಕೊಯ್ತೀವಿ, ಇಲ್ಲಾಂದ್ರೆ ತಿನ್ನಿಸ್ತೀವಿ. ಎರಡ್ರಲ್ಲಿ ಒಂದು ಹೇಳಿ. ಹಸಿವಿಗೆ ಸತ್ರೆ ಅದಕ್ಕೂ ನೀವೇ ವರದಿ ಕೊಡ್ತೀರಾ?"

ಲಿಖಿತವಾಗಿ ದೂರು ಸಲ್ಲಿಸುವಂತೆ ಸೂಚಿಸಿದೆ. ಆಕೆ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ದಾಖಲಿಸುವ ಅಗತ್ಯವಿಲ್ಲ.

ಊಟದ ನಂತರ ಕಣ್ಣು ಮುಚ್ಚಿದರೂ ಆಲೋಚನೆ ಬರಲಿಲ್ಲ.

ಹದಿನೇಳನೇ ತಾರೀಖು, ಸೋಮವಾರ

ದೀರ್ಘವಾಗಿ ಬರೆಯಬೇಕಾದ ದಿನ.

ಬೆಳಿಗ್ಗೆ ಮೊದಲ ಕೆಲಸವಾಗಿ, ಹದಿನಾರನ್ನು ಪುನಃ ಎಂಟಕ್ಕೆ ಇಳಿಸಲು ಕೈಹಾಕಿದ್ದೆ. (ಇದು ನನ್ನ ಆದೇಶದ ಹಿಂತೆಗೆತವಲ್ಲ; ಪುನರವಲೋಕನ.) ಕೆಲಸ ನಡುವೆ ಇರುವಾಗಲೇ ನಿರ್ದೇಶಕರ ಕರೆ: ಇದ್ದ ಹಾಗೆ ಎದ್ದು ಬನ್ನಿ. ನಿರ್ದೇಶಕರ ಸ್ವಭಾವವೇ ಹೀಗೆ. ಯಾರ ಕೈಯಲ್ಲಿ ಏನಿದೆ ಎಂದು ವಿಚಾರಿಸದೆ ಕುರ್ಚಿಯಿಂದ ಎಬ್ಬಿಸುತ್ತಾರೆ. ಆನೆ ನಡೆದದ್ದೇ ದಾರಿ. ಎದ್ದು ಹೋದೆ. ಆಮೆ ಜೇಬಿನಲ್ಲಿತ್ತು.

ಅಲ್ಲಿ ಹೋದರೆ ಅವರು ಇನ್ಯಾರೊಂದಿಗೋ ಮಾತಿನಲ್ಲಿದ್ದರು. ಹೊರಕೋಣೆಯ ಬೆಂಚಿನ ಮೇಲೆ ಕುಳಿತೆ. ಅಲ್ಲಿ ಬಾಗಿಲು ಕಾಯುವ ಪರಿಚಾರಕ ಹಲ್ಲುಕಡ್ಡಿಯಿಂದ ಉಗುರು ಸ್ವಚ್ಛಗೊಳಿಸುತ್ತಿದ್ದ.

"ಕರೆದರೇನಪ್ಪಾ?"

"ಇಲ್ಲ."

ನಿಮಿಷ ಕಳೆದು: "ಈಗ?"

"ಇಲ್ಲ ಸ್ವಾಮಿ."

"ಒಂದು ಸಲ ಒಳಗೆ ನೋಡಬಾರದೇ?"

ಆತ ಹಲ್ಲುಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ. "ಯಜಮಾನರೇ, ನೀವು ಕೇಳಿದಷ್ಟು ಸಲ ನಾನು ಬಾಗಿಲು ನೋಡ್ಬೇಕು, ನಾನು ನೋಡಿದಷ್ಟು ಸಲ ಅವರು ಮಾತು ನಿಲ್ಲಿಸ್ಬೇಕು, ಅವರು ನಿಲ್ಲಿಸಿದಷ್ಟು ಸಲ ಮೊದಲಿಂದ ಶುರು ಮಾಡ್ಬೇಕು. ನೀವು ಕೇಳ್ತಿರೋದ್ರಿಂದ್ಲೇ ತಡ ಆಗ್ತಿರೋದು. ಅಗೋ, ಆ ಮೂಲೆ ಕುರ್ಚಿ ಮೆತ್ತಗಿದೆ. ಕಣ್ಮುಚ್ಚಿ ಬಿದ್ಕೊಳ್ಳಿ. ನಿಮ್ಮ ಸರದಿ ಬಂದಾಗ ನಾನೇ ಭುಜ ತಟ್ತೀನಿ."

ಬೇಸತ್ತವನ ಮಾತು, ಆದರೂ ಕುರ್ಚಿ ಮೆತ್ತಗಿದ್ದದ್ದು ನಿಜ. ಮಲಗಿದೆ. ಭುಜದ ಮೇಲೆ ಕೈ ಬಿದ್ದಾಗ ಎದ್ದು ನೇರ ಒಳಗೆ ನಡೆದೆ. ಒಂದು ಕ್ಷಣವೂ ವ್ಯರ್ಥವಾಗಲಿಲ್ಲ, ಯಾರ ತಲೆಯೂ ತಿನ್ನಲಿಲ್ಲ. ನಿರ್ದೇಶಕರು ಕೇಳಿದ್ದು ಒಂದೇ ಪ್ರಶ್ನೆ: "ಆಗುತ್ತೇನ್ರಿ ಇಲ್ವೇನ್ರಿ?" ಆಗುತ್ತದೆಂದೆ.

ಮೆಟ್ಟಿಲಿಳಿಯುವಾಗ ನನಗೊಂದು ಹೊಳಹು ಉಂಟಾಯಿತು. ಕಾಯುವವನು ಮಲಗಬೇಕು. ಬಿಡುವವನು ಎಬ್ಬಿಸಬೇಕು. ಇಷ್ಟು ಸರಳವಾದ ಸತ್ಯ ಈವರೆಗೆ ಯಾರಿಗೂ ಹೊಳೆಯದಿದ್ದದ್ದು ಆಶ್ಚರ್ಯ.

ಕೆಳಗೆ ಬಂದರೆ ಉಪಮುಖ್ಯಸ್ಥೆಯೂ ಮೀಸೆಯೂ ನನ್ನ ಮೇಜಿನ ಬಳಿ ನಿಂತಿದ್ದಾರೆ. ಅರ್ಧ ಮಾಡಿಟ್ಟ ಬದಲಾವಣೆಯಿಂದ ಇಡೀ ಬೆಳಿಗ್ಗೆ ಒಂದು ವರದಿಯೂ ಹೊರಟಿರಲಿಲ್ಲ.

"ಎಲ್ಲಿ ಸಾರ್ ಆಮೆ?" ಎಂದಳು.

ಜೇಬಿನಿಂದ ತೆಗೆದಿಟ್ಟೆ. ಮೀಸೆಯ ಮೀಸೆ ಅದುರುತ್ತಿತ್ತು, ನಗುವೋ ಕೋಪವೋ ತಿಳಿಯದು.

ಹದಿನೆಂಟನೇ ತಾರೀಖು, ಮಂಗಳವಾರ

ನನ್ನ ಆವಿಷ್ಕಾರವನ್ನು ಟಿಪ್ಪಣಿಯ ರೂಪದಲ್ಲಿ ಸಿದ್ಧಪಡಿಸಿ, ಸಿಬ್ಬಂದಿಯ ಎದುರು ಗಟ್ಟಿಯಾಗಿ ಓದಿದೆ:

"ಸದರಿ ವಿಳಂಬಕ್ಕೆ ಕಾರಣವೇನೆಂದರೆ, ಅಧಿಕಾರದ ಲಾಕನ್ನು ಹಿಡಿದಿರುವವನು ಅದನ್ನು ಹಿಡಿದೇ ನಿದ್ರಿಸುತ್ತಿರುವುದು, ಆತನು ಏಳುವವರೆಗೆ ಉಳಿದವರು ಆತನ ಬಾಗಿಲಲ್ಲಿ ನಿಂತು ವ್ಯರ್ಥವಾಗಿ ವಿಚಾರಿಸುತ್ತ ತಮ್ಮ ಅಮೂಲ್ಯ ವೇಳೆಯನ್ನು ಕಳೆಯುತ್ತಿರುವುದು, ಇದನ್ನು ಕರ್ತವ್ಯನಿಷ್ಠೆಯೆಂದು ತಪ್ಪಾಗಿ ಭಾವಿಸಲಾಗಿರುವುದು..."

ಇಲ್ಲಿಗೆ ಮೀಸೆ ಎದ್ದು ಹೊರಗೆ ಹೋದ. ಗೋಡೆಯಾಚೆಯಿಂದ ಎಮ್ಮೆ ಕೂಗಿದಂಥ ಸದ್ದು ಬಂತು. ಉಪಮುಖ್ಯಸ್ಥೆ ತುಟಿ ಕಚ್ಚಿಕೊಂಡು ಕಿಟಕಿ ನೋಡುತ್ತಿದ್ದಳು.

"ಇದರಲ್ಲಿ ತಪ್ಪೇನಾದರೂ ಇದೆಯೇ?"

"ಇಲ್ಲ ಸಾರ್. ಒಂದಕ್ಷರ ಮುಟ್ಟೋ ಹಾಗಿಲ್ಲ. ಯಾವಾಗ ಹೊಳೀತು ನಿಮಗೆ?"

"ನಿನ್ನೆ."

"ಹೌದಾ," ಎಂದಳು. ಹತ್ತನೇ ತಾರೀಖಿನ ಪುಟವನ್ನು ನಾನು ಆಮೇಲೆ ತಿರುವಿ ನೋಡಿದೆ. ಆಕೆಯ ಮಾತಿಗೂ ನನ್ನ ಟಿಪ್ಪಣಿಗೂ ಕೆಲವು ಆಕಸ್ಮಿಕ ಹೋಲಿಕೆಗಳಿವೆ.

ಪ್ರಸ್ತಾವನೆಗೆ ರುಜು ಹಾಕಿದೆ. ಮೊದಲು ವರದಿ ಯಂತ್ರದ ನಕಲೊಂದರ ಮೇಲೆ ಪರೀಕ್ಷಿಸುತ್ತಾರಂತೆ. ಅದಕ್ಕೆ ಆಮೆ ಬೇಕೆಂದಳು. ಎಷ್ಟು ಹೊತ್ತಿಗೆಂದು ಕೇಳಿದೆ. ಮುಗಿಯೋವರೆಗೆ ಎಂದಳು. ಕೊಟ್ಟೆ.

ಕೋಟಿನ ಜೇಬು ಹಗುರ. ಒಂದು ಬದಿಗೆ ವಾಲಿ ನಡೆಯುವ ರೂಢಿಯಾಗಿತ್ತೆಂದು ಈಗ ತಿಳಿಯಿತು.

ಇಪ್ಪತ್ತನೇ ತಾರೀಖು, ಗುರುವಾರ

ನಕಲು ಯಂತ್ರದಲ್ಲಿ ವರದಿಗಳು ಬೇಗನೆ ಹೊರಬಿದ್ದವು. ಪರದೆಯ ಮೇಲೆ ಪ್ರೊಸೆಸರುಗಳು ಅರ್ಧಕ್ಕರ್ಧ ಖಾಲಿ. ನೋಡಿದರೆ ಸೋಮಾರಿಗಳಂತೆ ಕಾಣುತ್ತವೆ. ನನಗೆ ಇನ್ನೂ ಅಸಹನೆ. ಮೀಸೆ ಹೇಳಿದ: "ಎಣ್ಣೆ ನೋಡಿ ಸಾರ್, ಎತ್ತು ನೋಡ್ಬೇಡಿ."

ಇಪ್ಪತ್ತನಾಲ್ಕನೇ ತಾರೀಖು, ಸೋಮವಾರ

ನಿರ್ದೇಶಕರ ಕರೆ ಮತ್ತೆ ಬಂತು, ಊಟಕ್ಕೆ ಸ್ವಲ್ಪ ಮುಂಚೆ. ಪರೀಕ್ಷೆ ಮುಗಿದು ಮರಳಿದ್ದ ಆಮೆ ನನ್ನ ಮೇಜಿನ ಮೇಲಿತ್ತು. ಎದ್ದೆ, ಬಾಗಿಲವರೆಗೆ ಹೋದೆ, ಕನ್ನಡಕ ಮರೆತದ್ದು ನೆನಪಾಗಿ ಹಿಂತಿರುಗಿದೆ. ಬಂದ ಮೇಲೆ ಸುಮ್ಮನೆ ಹೋಗುವುದೇಕೆಂದು ಆಮೆಯನ್ನು ಉಪಮುಖ್ಯಸ್ಥೆಯ ಮೇಜಿಗೆ ಸರಿಸಿದೆ. ಮೀಸೆಯ ಕುರ್ಚಿಯ ಬೆನ್ನನ್ನೂ ಹಾದುಹೋಗುವಾಗ ತಟ್ಟಿದೆ: "ಮುಂದಿನ ಸರದಿ ನಿನ್ನದಂತಲ್ಲ."

ಕನ್ನಡಕ ಮೂಗಿನ ಮೇಲೆಯೇ ಇತ್ತು. ವಯಸ್ಸಿನ ಪ್ರಭಾವ.

ಇಪ್ಪತ್ತೇಳನೇ ತಾರೀಖು, ಗುರುವಾರ

ಸಮಸ್ಯೆ ಉಳಿದಿರುವುದು ಒಂದೇ. ವರದಿ ಮುದ್ರಿಸುವ ಅಸಲು ಯಂತ್ರಕ್ಕೆ ಬದಲಾವಣೆ ಅಳವಡಿಸಲು ಅದನ್ನು ನಿಲ್ಲಿಸಿ ಪುನಃ ಆರಂಭಿಸಬೇಕು. ನಿರ್ದೇಶಕರು ಅನುಮತಿ ಕೊಡುತ್ತಿರಲಿಲ್ಲ. ಕೊನೆಗೆ ಕೊಟ್ಟಿರುವುದು ತಪಾಸಣೆಯ ದಿನವೇ, ಬೆಳಿಗ್ಗೆ, ಮಾದರಿಗಳು ಬರುವ ಮುನ್ನ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಗುದ್ದಲಿ ಮಂಜೂರು ಮಾಡಿದಂತಿದೆ.

"ಒಂದ್ಸಲ ಶುರು ಮಾಡಿದ್ಮೇಲೆ ಮಧ್ಯ ನನ್ನನ್ನ ಯಾರೂ ಎಬ್ಬಿಸ್ಬಾರ್ದು ಸಾರ್," ಎಂದಳು ಉಪಮುಖ್ಯಸ್ಥೆ. "ಅರ್ಧಕ್ಕೆ ಎದ್ರೆ ಆವತ್ತು ಒಂದು ವರದಿಯೂ ಬರಲ್ಲ."

"ಯಾರು ಎಬ್ಬಿಸ್ತಾರೆ?"

ಆಕೆ ಸೂರು ನೋಡಿದಳು. ಸೂರಿನ ಮೇಲೆ ನಿರ್ದೇಶಕರ ಕೋಣೆ.

ಮನೆಯಲ್ಲಿ ಪತ್ನಿ ಕೇಳಿದಳು, "ಏನಾಗಿದೆ ನಿಮಗೆ? ಮೂರು ದಿನದಿಂದ ಪೇಪರ್ ನನ್ನ ಕುರ್ಚಿ ಮೇಲಿರುತ್ತೆ. ಹುಷಾರಿದ್ದೀರಾ?"

ಸಂಜೆಯ ಆಲೋಚನೆಗೆ ಪತ್ರಿಕೆ ಅಡ್ಡಿಯಾಗುತ್ತದೆ, ಸದ್ದು ಮಾಡುತ್ತದೆ ಎಂದೆ. ನಿಜವೂ ಹೌದು.

ಮೂವತ್ತೊಂದನೇ ತಾರೀಖು, ಸೋಮವಾರ

ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಉಪಮುಖ್ಯಸ್ಥೆ ಕುಳಿತಳು. ಆಮೆ ಆಕೆಯ ಎಡಗಡೆ. ಯಂತ್ರವನ್ನು ನಿಲ್ಲಿಸಿಯಾಯಿತು. ಅದು ಪುನಃ ಏಳಲು ತಡವರಿಸುತ್ತಿದೆ; ಹಳೆಯ ಜೀವ. ಮಾದರಿಗಳು ಬಂದು ಸಾಲುಗಟ್ಟಿವೆ. ಆಗ ಫೋನು. ನಾನೇ ಎತ್ತಿದೆ.

"ಆಯಮ್ಮನ್ನ ಮೇಲೆ ಕಳ್ಸಿ," ಎಂದರು ನಿರ್ದೇಶಕರು. "ಮಂಡಳಿಯೋರು ಬಂದು ಕೂತಿದ್ದಾರೆ. ಅದೇನು ಮಲಗೋದು ಏಳೋದು ಅಂತೀರಲ್ಲ, ವಿವರಣೆ ಬೇಕಂತೆ. ಗುತ್ತಿಗೆಯವರೂ ಇದ್ದಾರೆ. ಈಗ್ಲೇ."

ಉಪಮುಖ್ಯಸ್ಥೆ ತಲೆಯೆತ್ತಲಿಲ್ಲ. ಆದರೆ ಆಕೆಯ ಬೆರಳು ಕೀಲಿಗಳ ಮೇಲೆ ನಿಂತಿತು. ಆಕೆ ಎದ್ದರೆ ಏನಾಗುವುದೆಂದು ಆಕೆಗೆ ಗೊತ್ತು, ಮೀಸೆಗೆ ಗೊತ್ತು, ಹೊಟ್ಟೆ ಹಸಿದ ಅಜ್ಜಂದಿರಿಗೂ ಗೊತ್ತಿರಬೇಕು.

"ನೀನು ಕೂತ್ಕೋ," ಎಂದೆ. "ಮಂಡಳಿಯಲ್ಲಿ ಹಿರಿಯರಿದ್ದಾರೆ. ಅವರೊಂದಿಗೆ ಮಾತಾಡಲು ಹಿರಿತನ ಬೇಕು. ನಾನು ಹೋಗ್ತೀನಿ." ಇದು ಶಿಷ್ಟಾಚಾರದ ಪ್ರಶ್ನೆಯಾಗಿತ್ತಷ್ಟೇ.

"ಸಾರ್, ಎಷ್ಟು ಹೊತ್ತು ತಡೀತೀರಾ?"

"ನಾನು ಮಾತಾಡಿದರೆ ಎಷ್ಟು ಹೊತ್ತಾಗುತ್ತೆ ಅಂತ ನಿನಗೆ ಗೊತ್ತಿಲ್ಲವೇ?"

ಮೊದಲ ಬಾರಿಗೆ ಆಕೆ ನನ್ನೆದುರೇ ನಕ್ಕಳು.

ಮೇಲೆ ಉದ್ದದ ಮೇಜು, ಐದಾರು ಮಂದಿ. ಕೊನೆಯಲ್ಲಿ ಗುತ್ತಿಗೆದಾರರ ಯುವಕರು, ಹೊಸ ಬೂಟು. ನಿರ್ದೇಶಕರು ನನ್ನನ್ನು ಕಂಡು ಹುಬ್ಬು ಗಂಟಿಕ್ಕಿದರು. ನಾನು ಕೈಮುಗಿದು ಆರಂಭಿಸಿದೆ.

"ಮಾನ್ಯ ಮಂಡಳಿಯ ಸನ್ನಿಧಾನಕ್ಕೆ ಬಿನ್ನವಿಸಿಕೊಳ್ಳುವುದೇನೆಂದರೆ, ಪ್ರಕೃತ ವಿಷಯವನ್ನು ನಿವೇದಿಸುವ ಪೂರ್ವದಲ್ಲಿ ಅದರ ಪೂರ್ವಾಪರಗಳನ್ನು ಕ್ರಮಸಂಖ್ಯೆಯಲ್ಲಿ ಅರಿಕೆ ಮಾಡಿಕೊಳ್ಳುವುದು ಉಚಿತವಾಗಿದ್ದು, ಒಂದನೆಯದಾಗಿ..."

ತಂದೆಯವರ ಅರ್ಜಿಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ನಾಲ್ಕನೆಯ ಅಂಶದಲ್ಲಿ ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆರನೆಯ ಅಂಶದಲ್ಲಿ ನಿರ್ದೇಶಕರು ಮೇಜಿನಡಿಯಿಂದ ನನ್ನ ಕಾಲು ಒತ್ತಿದರು.

"ಆಯ್ತಾ?"

"ಆಗ್ತಾ ಇದೆ," ಎಂದೆ.

ಏಳನೆಯದರಲ್ಲಿ ಉಪಾಂಶಗಳಿದ್ದವು. ಗುತ್ತಿಗೆದಾರರ ಯುವಕನೊಬ್ಬ ಆಕಳಿಸಿದ್ದನ್ನು ಕಂಡು ಅವನಿಗಾಗಿ ಉಪಾಂಶವನ್ನು ಮೊದಲಿಂದ ವಿವರಿಸಿದೆ.

"ಆಯ್ತೇನ್ರಿ?" ನಿರ್ದೇಶಕರ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. "ಆಯಮ್ಮ ಎಲ್ಲಿ? ನಾನು ಹೇಳಿದ್ದು ಅವಳನ್ನ ಕಳ್ಸಿ ಅಂತ!"

"ಆ ಅಂಶಕ್ಕೇ ಬರುತ್ತಿದ್ದೇನೆ. ಅದು ಹನ್ನೊಂದನೆಯದು."

ಹನ್ನೊಂದನೆಯ ಅಂಶ ಹೀಗಿತ್ತು: "ಆದಕಾರಣ, ಕೈಯಲ್ಲಿ ಕೆಲಸ ಹಿಡಿದಿರುವವರನ್ನು ಅದು ಮುಗಿಯುವ ಮುನ್ನ ಕುರ್ಚಿಯಿಂದ ಎಬ್ಬಿಸುವುದೇ ಸಕಲ ವಿಳಂಬಗಳ ಮೂಲವಾಗಿರುವುದರಿಂದ, ಹಾಗೂ ಎಬ್ಬಿಸುವವರಿಗೆ ಆ ಕೈಯಲ್ಲಿ ಏನಿದೆಯೆಂಬ ಪರಿವೆಯಿಲ್ಲದಿರುವುದರಿಂದ, ಮುಂದಿನ ದಿನಗಳಲ್ಲಿ ಅಂತಹವರನ್ನು..."

ಮಂಡಳಿಯ ಅಧ್ಯಕ್ಷೆ, ಬಿಳಿಗೂದಲಿನವರು, ಈವರೆಗೆ ನಿದ್ದೆಯಲ್ಲಿದ್ದಾರೆಂದು ನಾನು ಭಾವಿಸಿದ್ದೆ. ಅವರು ಕಣ್ಣು ತೆರೆದು ನಿರ್ದೇಶಕರತ್ತ ನೋಡಿದರು.

ಆಗಲೇ ಬಾಗಿಲು ತೆರೆಯಿತು. ಪರಿಚಾರಕ ಒಳಗೆ ಬಂದು ನನ್ನ ಭುಜ ತಟ್ಟಿದ. "ಯಜಮಾನರೇ, ನಿಮ್ಮ ಮೀಸೆಯೋರು ಹೇಳಿಕಳಿಸಿದ್ದಾರೆ. ವರದಿ ಹೊರಟ್ವಂತೆ. ಎಲ್ಲಾ." ಗೋಡೆಯ ಗಡಿಯಾರದಲ್ಲಿ ಹತ್ತು ಇನ್ನೂ ಆಗಿರಲಿಲ್ಲ.

"ಬಿಡುವಾಯಿತು. ಇನ್ನು ತಾವು ಮುಂದುವರಿಯಬಹುದು," ಎಂದು ಹೇಳಿ ನಾನು ಕುಳಿತುಬಿಟ್ಟೆ.

ಮೆಟ್ಟಿಲಿಳಿಯುವಾಗ ನೆನಪಾಯಿತು: ಹನ್ನೊಂದನೆಯ ವಾಕ್ಯವನ್ನು ಮುಗಿಸಿರಲಿಲ್ಲ. ಅದರ ಕ್ರಿಯಾಪದ ಇನ್ನೂ ಬಾಕಿಯಿದೆ.

ಎರಡನೇ ತಾರೀಖು, ಬುಧವಾರ

ಆದೇಶಗಳು ಬಂದಿವೆ.

ಯಂತ್ರಶಾಲೆಯನ್ನು ಯಾರಿಗೂ ಒಪ್ಪಿಸಲಾಗುವುದಿಲ್ಲ. ಸಿಬ್ಬಂದಿ ಮುಂದುವರಿಯುವರು. ವರದಿಗಳ ವೇಗವು ನಿರ್ದೇಶಕರ ದೂರದೃಷ್ಟಿಯ ಫಲವೆಂದು ಸುತ್ತೋಲೆ ಸಾರುತ್ತದೆ. ಅದರಲ್ಲಿ ಅವರ ಭಾವಚಿತ್ರವೂ ಇದೆ. ನನ್ನ ಬಗ್ಗೆ ಎರಡು ಸಾಲು: ಮಂಡಳಿಯ ಅಮೂಲ್ಯ ವೇಳೆಯನ್ನು ವ್ಯಯಿಸಿದ ಕಾರಣಕ್ಕಾಗಿ ತಕ್ಷಣದಿಂದ ಮುಖ್ಯಸ್ಥನ ಹುದ್ದೆಯಿಂದ ಬಿಡುಗಡೆ, ನಿವೃತ್ತಿಯವರೆಗೆ ಸಲಹೆಗಾರ, ಪ್ರತ್ಯೇಕ ಕುರ್ಚಿ ಇರತಕ್ಕದ್ದಲ್ಲ. ಉಪಮುಖ್ಯಸ್ಥೆ ಇನ್ನು ಮುಖ್ಯಸ್ಥೆ.

ಇದರ ವಿರುದ್ಧ ಮನವಿಯ ಕರಡನ್ನು ಆರಂಭಿಸಿದೆ. ಮೊದಲ ವಾಕ್ಯದಲ್ಲೇ ದಾದಿ ಬಾಗಿಲಲ್ಲಿ ಕಾಣಿಸಿ, "ನಮ್ಮಜ್ಜಂಗೆ ಮೊನ್ನೆ ಕೊಯ್ದಾಯ್ತು ಕಣ್ರಪ್ಪಾ, ಇವತ್ತು ಬೆಳಿಗ್ಗೆ ಊಟಾನೂ ಮಾಡಿದ್ರು," ಎಂದು ಹೇಳಿ ಹೋದಳು. ಆಮೇಲೆ ಕರಡು ಮುಂದುವರಿಯಲಿಲ್ಲ. ಪೆನ್ನು ಸರಿಯಿರಲಿಲ್ಲ.

ಮಧ್ಯಾಹ್ನ ಎಲ್ಲಿ ಕೂರುವುದೆಂದು ನಿಂತಿದ್ದಾಗ ಹೊಸ ಮುಖ್ಯಸ್ಥೆ ತನ್ನ ಕುರ್ಚಿಯಿಂದ ಎದ್ದಳು. "ಇಲ್ಲಿ ಕೂತ್ಕೊಳ್ಳಿ ಸಾರ್. ನನಗೆ ಅರ್ಧ ಗಂಟೆ ಹೊರಗೆ ಕೆಲಸ ಇದೆ." ಆಮೆಯನ್ನು ಮೀಸೆಯ ಮೇಜಿಗೆ ಸರಿಸಿ ಹೋದಳು.

"ಕಣ್ಮುಚ್ಚಿ ಆಲೋಚನೆ ಮಾಡಿ ಸಾರ್," ಎಂದ ಮೀಸೆ. "ನಿಮ್ಮ ಸರದಿ ಬಂದ್ರೆ ತಟ್ತೀನಿ."

ಬಹಳ ದಿನಗಳ ನಂತರ ಚೆನ್ನಾಗಿ ಆಲೋಚಿಸಿದೆ. ಯಾರೂ ಬಂದು "ಆಯ್ತಾ" ಎಂದು ಕೇಳಲಿಲ್ಲ.

ಮನೆಗೆ ಬಂದಾಗ ಪತ್ನಿ ಕಿಟಕಿಯ ಬಳಿ ಪದಬಂಧದೊಂದಿಗೆ ಹೆಣಗುತ್ತಿದ್ದಳು. ಹುದ್ದೆಯ ವಿಷಯ ತಿಳಿಸಿದೆ. ಆಕೆ ಪೆನ್ಸಿಲನ್ನು ಕೂದಲಿಗೆ ಸಿಕ್ಕಿಸಿಕೊಂಡು ನನ್ನ ಮುಖವನ್ನೇ ನೋಡಿದಳು.

"ಬೇಜಾರಾಯ್ತಾ?"

"ಇಲ್ಲ. ಆಗ್ತಾ ಇದೆ."

ಆಕೆ ಸರಿದು ಕುಳಿತಳು. ಬೆಂಚಿನ ಮೇಲೆ ಇನ್ನೊಬ್ಬರಿಗೆ ಜಾಗವಾಯಿತು. ಕುಳಿತೆ. ಆಕೆಯ ಭುಜದ ಮೇಲಿಂದ ನೋಡಿದರೆ ಮೇಲಿನ ಸಾಲಿನ ಒಂದು ಉತ್ತರ ನನಗೆ ಗೊತ್ತಿತ್ತು. ಹೇಳಲಿಲ್ಲ. ಆಕೆ ಕೇಳಿದರೆ ಹೇಳಿದರಾಯಿತು.

ಮೇಲ್ಕಂಡ ಎಲ್ಲ ಅಂಶಗಳೂ ನನ್ನ ತಿಳಿವಳಿಕೆಗೆ ಬಂದಷ್ಟರ ಮಟ್ಟಿಗೆ ಸತ್ಯವೆಂದು ದೃಢೀಕರಿಸುತ್ತೇನೆ. ಮೂರನೇ ತಾರೀಖಿನ ಐದನೆಯ ಅಂಶವನ್ನು (ತಪ್ಪು ಯಾರದು) ಪುನಃ ಪರಿಶೀಲಿಸತಕ್ಕದ್ದು.

(ರುಜು)
ಮಾಜಿ ಮುಖ್ಯಸ್ಥ, ಯಂತ್ರಶಾಲೆ

ಅಡಕ:
೧. ಇಂದಿನ ಪತ್ರಿಕೆಯ ಪದಬಂಧದ ಪುಟ, ಒಂದು (ಆಕೆ ಮುಗಿಸಿದ ನಂತರ ಲಗತ್ತಿಸಲಾಗುವುದು).